ಎರಡು ಚಮಚ ಉಪ್ಪು

ನೀಲಾ ಹುಟ್ಟಿ ಮೂರು ದಿನವಾದರೂ ಕಪ್ಪು ಮಲ ಹೋಗಿರಲಿಲ್ಲ.

ಅದನ್ನು ಮೊದಲು ಕಂಡವಳು ನಾನೇ. ನೀಲಾ ನನ್ನ ಮಗ ಮಲ್ಲಿಕಾರ್ಜುನನ ಮಗಳು. ಎಮರ್ಜೆನ್ಸಿ ಮುಗಿದು ಎಲೆಕ್ಷನ್ ಆದ ವರ್ಷ, ಖಾನಾಪುರದ ನಮ್ಮ ಮನೆಯಲ್ಲಿ, ನನ್ನ ಕೈಯಲ್ಲೇ ಹುಟ್ಟಿದವಳು. ಮೂರನೇ ದಿನಕ್ಕೆ ಕೂಸಿನ ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. ನಾನು ವೀಳ್ಯದೆಲೆಯ ತೊಟ್ಟಿಗೆ ಔಡಲೆಣ್ಣೆ ಸವರಿ ಹಿಂದಿನಿಂದ ಮೆಲ್ಲಗೆ ಒಳಗಿಟ್ಟೆ. ಒಮ್ಮೆಲೇ ಗಾಳಿಯ ಸಮೇತ ಎಲ್ಲ ಹೊರಗೆ ಬಂತು. ಸೊಸೆ ಶಾಂತಾ ಬಾಣಂತಿ ಹೊರಸಿನ ಮೇಲೆ ಹೆದರಿ ಎದ್ದು ಕೂತಿದ್ದಳು.

"ಆತು ನೋಡವಾ, ಇಷ್ಟಕ್ಕ ಹೆದರತಾರೇನು?" ಎಂದೆ.

ಹೀಗೆ ರೋಗದ ಮೊದಲ ಗುರುತನ್ನು ನಾನೇ ಒರೆಸಿ ಹಾಕಿದೆ. ಆಗ ಅದು ನನಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ನಾಲ್ಕು ಮನೆಗೆ ಹೋಗಿ ಹೇಳಿಕೊಂಡು ಬಂದೆ.

ನಮ್ಮ ಓಣಿಯಲ್ಲಿ ನನ್ನ ಕೈಗುಣದ ಬಗ್ಗೆ ಒಳ್ಳೆಯ ಮಾತಿತ್ತು. ಮೂವತ್ತು ವರ್ಷ ಎಷ್ಟೋ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದೇನೆ. ಲಿಂಗವಂತರ ಮನೆಯವರಷ್ಟೇ ಅಲ್ಲ, ಮರಾಠರೂ ಮುಸಲ್ಮಾನರೂ ಕೂಸನ್ನು ತಂದು ನನ್ನ ಕಾಲ ಮೇಲೆ ಹಾಕುತ್ತಿದ್ದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ಕೂಡ. ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಅದು ಸಣ್ಣದಾಗಿರಲಿಲ್ಲ. ಇದನ್ನು ನಾನೇ ಬರೆಯಲು ಕೂತದ್ದಕ್ಕೆ ಕಾರಣವಿದೆ. ಮಗ ಬರೆದರೆ ನನ್ನನ್ನು ಉಳಿಸಿ ಬರೆಯುತ್ತಾನೆ. ಸೊಸೆ ಬರೆಯುವುದೇ ಇಲ್ಲ.

ಮುಂದಿನ ಎರಡೂವರೆ ವರ್ಷ ನೀಲಾಳ ಹೊಟ್ಟೆಯೇ ನಮ್ಮ ಮನೆಯ ಪಂಚಾಂಗವಾಯಿತು. ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹನ್ನೆರಡು ದಿನಕ್ಕೊಮ್ಮೆ ಮಲ ಹೋಗುತ್ತಿತ್ತು. ಅದೂ ನಾನು ತೊಟ್ಟು ಇಟ್ಟರೆ. ಹೊಕ್ಕಳ ಸುತ್ತ ಇಂಗು ಹಚ್ಚಿದೆ, ಮನೂಕ ಅಂದರೆ ಒಣದ್ರಾಕ್ಷಿ ನೆನೆಸಿ ಹಿಂಡಿ ಕುಡಿಸಿದೆ. ಊರಿನ ಡಾಕ್ಟರರು ಕೊಟ್ಟ ಗುಲಾಬಿ ಬಣ್ಣದ ಔಷಧ ಬಾಟಲಿಗಟ್ಟಲೆ ಖಾಲಿಯಾಯಿತು. ಹೊಟ್ಟೆ ಮಾತ್ರ ಗಡಿಗೆಯಾಗುತ್ತ ಹೋಯಿತು. ಕೈಕಾಲು ಕಡ್ಡಿಯಾದವು. ಓರಗೆಯ ಮಕ್ಕಳು ಅಂಗಳದಲ್ಲಿ ಓಡುವಾಗ ಅವಳು ಗೋಡೆ ಹಿಡಿದು ನಿಂತು ನೋಡುತ್ತಿದ್ದಳು.

ಶಾಂತಾ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿ. ಮಾತು ಕಡಿಮೆ. "ಅತ್ತಿ, ಬೆಳಗಾವಿಗೆ ಒಯ್ದು ತೋರಸೂಣು" ಎಂದು ಅವಳು ಮೂರು ಸಲ ಹೇಳಿದಳು. ಮೂರು ಸಲವೂ ನಾನು "ನನ್ನ ಕೈಯಾಗ ಆಗೂ ಕೆಲಸಕ್ಕ ದವಾಖಾನಿ ಯಾಕ?" ಎಂದೆ.

ನಾಲ್ಕನೆಯ ಸಲ ಅವಳು ನನ್ನನ್ನು ಕೇಳಲಿಲ್ಲ. ನೀಲಾ ಅಂದು ಹಸಿರು ವಾಂತಿ ಮಾಡಿಕೊಂಡಿದ್ದಳು.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಸರ್ಜನ್ ಒಬ್ಬರು ನೋಡಿದರು. ಎತ್ತರದ ಮನುಷ್ಯ, ತಾಳ್ಮೆಯವರು. ಬೇರಿಯಂ ಎನ್ನುವ ಬಿಳಿ ನೀರನ್ನು ಹಿಂದಿನಿಂದ ಏರಿಸಿ ಎಕ್ಸ್-ರೇ ತೆಗೆಸಿದರು. ಆಮೇಲೆ ಫಿಲ್ಮನ್ನು ಕಿಟಕಿಗೆ ಹಿಡಿದು ನನ್ನ ಕಡೆ ತಿರುಗಿದರು.

"ಅಮ್ಮಾ, ಹುಟ್ಟಿದಾಗ ಕಪ್ಪು ಮಲ ಎಷ್ಟನೇ ದಿನಕ್ಕ ಹೋತು?"

"ಮೂರನೇ ದಿನಕ್ಕರಿ. ತೊಟ್ಟ ಇಟ್ಟ ಮ್ಯಾಲೆ."

ಅವರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

"ಇದು ಹುಟ್ಟತಲೇ ಬಂದದ್ದು. ಕಂಜೆನಿಟಲ್ ಮೆಗಾಕೋಲನ್ ಅಂತಾರ. ಕರುಳಿನ ಕಡೀ ತುಂಡಿನ್ಯಾಗ ನರದ ಸೆಲ್ ಇಲ್ಲ. ಆ ತುಂಡು ಬಿಗಿಹಿಡಕೊಂಡ ಕುಂತೈತಿ. ಮ್ಯಾಲಿನ ಕರುಳು ತಳ್ಳಿ ತಳ್ಳಿ ಉಬ್ಬೇತಿ. ಔಷಧಕ್ಕ ಹೋಗೂದಲ್ರಿ. ಕೆಟ್ಟ ತುಂಡ ತಗದು, ಚಲೋ ಕರುಳು ಕೆಳಗ ಎಳದು ಜೋಡಸಬೇಕು."

ಒಂದಲ್ಲ, ಮೂರು ಆಪರೇಷನ್. ಮೊದಲನೆಯದರಲ್ಲಿ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಕೊಲಾಸ್ಟಮಿ ಮಾಡುತ್ತಾರೆ. ಎರಡನೆಯದರಲ್ಲಿ ಕೆಟ್ಟದ್ದನ್ನು ತೆಗೆದು ಜೋಡಿಸುತ್ತಾರೆ. ಮೂರನೆಯದರಲ್ಲಿ ಹೊಟ್ಟೆಯ ಬಾಯಿ ಮುಚ್ಚುತ್ತಾರೆ. ಆದರೆ ನೀಲಾ ಅಷ್ಟಕ್ಕೆ ತಾಳುವ ಹಾಗಿರಲಿಲ್ಲ. ಮೊದಲು ಹೊಟ್ಟೆ ಇಳಿಯಬೇಕು, ಮೈಗೆ ರಕ್ತ ಬರಬೇಕು. ಆರು ವಾರ ಮನೆಯಲ್ಲಿ ದಿನವೂ ರಬ್ಬರ್ ನಳಿಗೆಯಿಂದ ಕರುಳು ತೊಳೆಯಬೇಕು, ವಾಶ್‌ಔಟ್ ಮಾಡಬೇಕು ಎಂದರು.

"ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾದ ಚಮಚದಲೆ ಸಮಾ ಮಾಡಿ ಎರಡು ಚಮಚ ಪುಡಿ ಉಪ್ಪು. ರುಚಿ ನೋಡಿದರ ಕಣ್ಣೀರಿನಷ್ಟ ಇರಬೇಕು. ಬರೇ ನೀರು ಹಾಕಬ್ಯಾಡ್ರಿ. ಇಂಥ ಕರುಳು ನೀರು ಕುಡದಬಿಡತೈತಿ, ರಕ್ತ ತೆಳ್ಳಗಾಗತೈತಿ. ಹಾಕಿದಷ್ಟು ನೀರು ವಾಪಸ್ ಬರಬೇಕು, ಲಕ್ಷ್ಯ ಇಡ್ರಿ."

ನಾನು ಬಾಗಿಲ ಬಳಿ ನೀಲಾಳನ್ನು ಎತ್ತಿಕೊಂಡು ನಿಂತಿದ್ದೆ. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೇಳಿಸಿತ್ತು.

ಶಾಂತಾ ಒಂದು ವಹಿಗೆ ಗೆರೆ ಹಾಕಿದಳು. ದಿನ, ನೀರು ಎಷ್ಟು, ಉಪ್ಪು ಎಷ್ಟು, ವಾಪಸ್ ಬಂದದ್ದು ಎಷ್ಟು. ಮೂರು ವಾರ ರಜೆ ಹಾಕಿ ತಾನೇ ಮಾಡಿದಳು. ಹೊಟ್ಟೆ ನಿಜವಾಗಿಯೂ ಇಳಿಯಿತು. ನೀಲಾ ಎರಡು ರೊಟ್ಟಿಯ ಚೂರು ಹೆಚ್ಚಿಗೆ ತಿನ್ನತೊಡಗಿದಳು. ರಜೆ ಮುಗಿದಾಗ ಬೆಳಗಿನ ಹತ್ತು ಗಂಟೆಯ ಆ ಕೆಲಸ ನನ್ನ ಕೈಗೆ ಬಂತು. ಮಲ್ಲಿಕಾರ್ಜುನ ಅಷ್ಟೊತ್ತಿಗೆ ಹೆಂಚಿನ ಕಾರ್ಖಾನೆಯಲ್ಲಿರುತ್ತಿದ್ದ.

ಮೊದಲ ನಾಲ್ಕು ದಿನ ಹೇಳಿದ ಹಾಗೆಯೇ ಮಾಡಿದೆ. ಅಷ್ಟರಲ್ಲಿ ನಳಿಗೆ ತಿಕ್ಕಿ ತಿಕ್ಕಿ ಕೂಸಿನ ಹಿಂಭಾಗ ಕೆಂಪಗೆ ಸುಲಿದಿತ್ತು. ನಾಲ್ಕನೆಯ ದಿನ ಉಪ್ಪುನೀರು ಸೋರಿ ಅದಕ್ಕೆ ತಾಗಿತು. ನೀಲಾ ಚೀರಿದ್ದು ಓಣಿಯ ತುದಿಗೆ ಕೇಳಿಸಿತು. ನನ್ನ ಸೆರಗು ಹಿಡಿದು "ಆಯಿ, ಬ್ಯಾಡ, ಉರೀತೈತಿ" ಎಂದು ಒಂದೇ ಸಮ ಅಂದಳು.

ರವಿವಾರ ರಜೆ, ಶಾಂತಾಳೇ ಮಾಡಿದಳು. ನನ್ನ ಐದನೆಯ ದಿನ ಸೋಮವಾರ. ಉಪ್ಪಿನ ಡಬ್ಬಿ ತೆರೆದೆ. ಚಮಚ ಕೈಯಲ್ಲಿ ಹಿಡಿದೆ. ಮೂವತ್ತು ವರ್ಷದಲ್ಲಿ ಸುಲಿದ ಚರ್ಮಕ್ಕೆ ನಾನು ಬೆಣ್ಣೆ ಹಚ್ಚಿದ್ದೇನೆ, ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ. ಹಸಿ ಗಾಯಕ್ಕೆ ಉಪ್ಪು ಹಾಕುವ ಅಜ್ಜಿ ಎಲ್ಲಾದರೂ ಇದ್ದಾಳೆಯೇ? ತೊಳೆಯುವುದು ನೀರು. ಉಪ್ಪು ಯಾಕೆ ಬೇಕು? ಡಾಕ್ಟರರು ಪುಸ್ತಕದ್ದು ಹೇಳುತ್ತಾರೆ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂರುವವರು ನಾವು.

ಡಬ್ಬಿ ಮುಚ್ಚಿದೆ.

ನೀಲಾ ಅಳಲಿಲ್ಲ. ನನ್ನ ಮುಖ ನೋಡಿ ನಕ್ಕಳು. ವಹಿಯಲ್ಲಿ ದುಂಡನೆಯ ಅಕ್ಷರದಲ್ಲಿ "ಉಪ್ಪು ೨" ಎಂದು ಬರೆದೆ. ಸಂಜೆ ಶಾಂತಾ ವಹಿ ನೋಡಿ, "ಇವತ್ತ ಅಳಲಿಲ್ಲೇನ್ರಿ ಅತ್ತಿ?" ಎಂದು ಕೇಳಿದಳು.

"ಇಲ್ಲವಾ. ಕೈಗುಣ ಬೇಕ ನೋಡು" ಎಂದೆ. ಅವಳೂ ನಕ್ಕಳು. ಆ ನಗೆ ನೆನಪಾದಾಗ ಈಗಲೂ ನನಗೆ ಊಟ ಸೇರುವುದಿಲ್ಲ.

ಮಂಗಳವಾರವೂ ಹಾಗೆಯೇ ಮಾಡಿ, ಹಾಗೆಯೇ ಬರೆದೆ. ಬುಧವಾರ ಹಾಕಿದ ನೀರು ಅರ್ಧವೂ ವಾಪಸ್ ಬರಲಿಲ್ಲ. ಮಲ ಅಡ್ಡಬಂದಿದೆ ಎಂದು ತಿಳಿದು ಇನ್ನಷ್ಟು ಹಾಕಿದೆ. ವಹಿಯಲ್ಲಿ ಮಾತ್ರ ಎಂದಿನಂತೆಯೇ ಬರೆದೆ. ಮಧ್ಯಾಹ್ನ ನೀಲಾ ಮಲಗಿದಳು. ಎಬ್ಬಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಮುಖ ಬಾತುಕೊಂಡ ಹಾಗಿತ್ತು. ಒಮ್ಮೆ ನೀರಾಗಿ ವಾಂತಿಯಾಯಿತು. ಬಿಸಿಲು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಶಾಂತಾ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಆಗಲೇ ನೀಲಾಳ ಎಡಗೈ ಝಾಡಿಸತೊಡಗಿತು. ಕಣ್ಣು ಮೇಲಾಯಿತು. ಹಲ್ಲು ಕಚ್ಚಿಕೊಂಡವು.

ಕಾರ್ಖಾನೆಯ ಜೀಪು ಬರುವವರೆಗೆ ನಾನು ಏನು ಮಾಡಿದೆನೋ ನೆನಪಿಲ್ಲ. ದೇಸೂರು ದಾಟುವಾಗ ಎರಡನೆಯ ಸಲ ಝಟಕೆ ಬಂತು. ಶಾಂತಾ ಕೂಸಿನ ಕಿವಿಗೆ ಬಾಯಿ ಇಟ್ಟು "ನೀಲವ್ವಾ, ಏಳ, ನೀಲವ್ವಾ" ಎನ್ನುತ್ತಲೇ ಇದ್ದಳು. ಮಲ್ಲಿಕಾರ್ಜುನ ಮುಂದೆ ಡ್ರೈವರನ ಬಾಜೂಕ್ಕೆ ಕೂತಿದ್ದ. ಹೆಂಚಿನ ಕೆಂಪು ಧೂಳು ಅವನ ಕೂದಲಲ್ಲಿ ಹಾಗೆಯೇ ಇತ್ತು. ನಾನು ಹಿಂದೆ ಮೂಲೆಯಲ್ಲಿ ಕೂತು ಮನಸ್ಸಿನಲ್ಲಿ ಒಂದು ಮಾತನ್ನು ಸಾವಿರ ಸಲ ಹೇಳಿಕೊಂಡೆ. ಬಾಯಿಂದ ಒಂದು ಸಲವೂ ಹೊರಗೆ ಬರಲಿಲ್ಲ.

ದವಾಖಾನೆಯಲ್ಲಿ ಅದೇ ಸರ್ಜನ್ ಓಡಿ ಬಂದರು. ಶಾಂತಾ ಅಂಥ ಗಡಿಬಿಡಿಯಲ್ಲೂ ವಹಿಯನ್ನು ತಂದಿದ್ದಳು. ಅವರು ಹಾಳೆ ತಿರುವಿದರು.

"ಉಪ್ಪು ಬರೋಬರಿ ಹಾಕೀರೇನು?"

"ಹಾಕ್ಯಾರ್ರಿ. ನಮ್ಮವ್ವ ದಿನಾ ಬರದಾಳ ನೋಡ್ರಿ" ಎಂದ ನನ್ನ ಮಗ.

ಸರ್ಜನ್ ವಹಿ ಮುಚ್ಚಿದರು. ಆಮೇಲೆ ಬಾಜೂಕ್ಕಿದ್ದ ಸಣ್ಣ ಡಾಕ್ಟರಿಗೆ, ಹಾಗಿದ್ದರೆ ಇದು ಮಿದುಳಿನ ಜ್ವರ ಇರಬಹುದು, ಬೆನ್ನಿನಿಂದ ನೀರು ತೆಗೆದು ನೋಡೋಣ ಎಂದರು. ನರ್ಸ್ ನೀಲಾಳನ್ನು ಮಗ್ಗುಲಿಗೆ ಹೊರಳಿಸಿ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದಳು. ಟ್ರೇಯಲ್ಲಿ ಉದ್ದನೆಯ ಸೂಜಿ ಬಂತು.

ನಾನು ಹೇಳಿದರೆ ಸೊಸೆಯ ಎದುರು, ಮಗನ ಎದುರು, ಊರಿನ ಎದುರು ನನ್ನ ಮೂವತ್ತು ವರ್ಷದ ಹೆಸರು ಮಣ್ಣಾಗುತ್ತಿತ್ತು. ಹೇಳದಿದ್ದರೆ ಅವರು ಬೇರೆಲ್ಲೋ ಹುಡುಕುತ್ತ ಕೂರುತ್ತಿದ್ದರು. ಆ ಸೂಜಿಯನ್ನು ನೋಡುತ್ತ ನಿಂತ ಹೊತ್ತು ಎಷ್ಟೋ ತಿಳಿಯದು. ಒಂದು ನಿಮಿಷವೂ ಇರಲಿಕ್ಕಿಲ್ಲ. ಆ ನಿಮಿಷಕ್ಕೂ ನಾನು ಉತ್ತರ ಕೊಡಬೇಕು.

"ಉಪ್ಪು ಹಾಕಿಲ್ರಿ."

ಎಲ್ಲರೂ ತಿರುಗಿದರು.

"ಎಷ್ಟ ದಿವಸ?" ಸರ್ಜನರ ದನಿ ಏರಲಿಲ್ಲ.

"ಮೂರು. ಇವತ್ತ ಎರಡರಷ್ಟು ನೀರು ಹಾಕೇನ್ರಿ. ಬರೇ ನೀರು. ವಹಿ ಒಳಗ ಸುಳ್ಳ ಬರದೇನಿ."

ಅವರು ಮತ್ತೇನೂ ಕೇಳಲಿಲ್ಲ. ಸೂಜಿಯ ಟ್ರೇ ಹಿಂದಕ್ಕೆ ಹೋಯಿತು. ರಕ್ತ ತೆಗೆದು ಸೋಡಿಯಂ ನೋಡಲು ಓಡಿಸಿದರು. ಕಾಲಿನಲ್ಲಿ ನರ ಸಿಗದೆ ಹಣೆಯಲ್ಲಿ ಹುಡುಕಿ, ಗಟ್ಟಿ ಸಲೈನನ್ನು ಹನಿ ಹನಿಯಾಗಿ ಬಿಟ್ಟರು. ನೋಡಿ, ನಾನು ಮೂರು ದಿನ ಡಬ್ಬಿಯಲ್ಲಿ ಮುಚ್ಚಿಟ್ಟ ಉಪ್ಪನ್ನೇ ಅವರು ಹಣೆಯಿಂದ ಒಳಗೆ ಕಳಿಸುತ್ತಿದ್ದರು.

ಶಾಂತಾ ನನ್ನ ಕಡೆ ನೋಡಲಿಲ್ಲ. ಅವಳು ವಹಿಯ ಆ ಮೂರು ಸಾಲುಗಳನ್ನು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ವಾರ್ಡಿಗೆ ಚಹಾ ಬರುವ ಹೊತ್ತಿಗೆ ನೀಲಾ ಕಣ್ಣು ತೆರೆದಳು. ಸುತ್ತ ನೋಡಿ "ಆಯಿ" ಎಂದಳು. ಅವ್ವ ಅನ್ನಲಿಲ್ಲ, ಆಯಿ ಅಂದಳು. ನನ್ನನ್ನು ಯಾರಾದರೂ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಮುಂದೆ ಹೋಗಲಿಲ್ಲ. ಶಾಂತಾಳೇ ಹತ್ತಿರ ಕೂತು ಅವಳ ಕೈ ಹಿಡಿದಳು.

ಸರ್ಜನ್ ರೌಂಡಿಗೆ ಬಂದಾಗ, "ಅಮ್ಮ ಖರೇ ಹೇಳಿದ್ದಕ್ಕ ಕೂಸು ಉಳೀತು" ಎಂದರು.

"ಸುಳ್ಳ ಬರದ ಇಟ್ಟಿದ್ದಕ್ಕ ಹೋಗತಿತ್ತು" ಎಂದಳು ಶಾಂತಾ.

ಅವಳು ಅಂದದ್ದರಲ್ಲಿ ತಪ್ಪೇನಿತ್ತು? ಆಮೇಲೆ ಬಹಳ ದಿನ ಅವಳು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಹದಿನೈದು ದಿನ ದವಾಖಾನೆಯಲ್ಲೇ ಇಟ್ಟುಕೊಂಡು ಮೊದಲ ಆಪರೇಷನ್ ಮಾಡಿದರು. ನಾನು ರವಿವಾರ ಪೇಟೆ ಎನ್ನುವ ಓಣಿಯಲ್ಲಿದ್ದ ಶಾಂತಾಳ ಅಣ್ಣನ ಮನೆಯಿಂದ ದಿನಾ ಬುತ್ತಿ ತರುತ್ತಿದ್ದೆ. ಆ ಮನೆಯ ಕೆಳಗೆ ಬೆಲ್ಲದ ಅಂಗಡಿ. ಬುತ್ತಿಗೂ ಸೀರೆಗೂ ಬೆಲ್ಲದ ವಾಸನೆ ಹತ್ತಿರುತ್ತಿತ್ತು. ಆಪರೇಷನ್ ದಿನ ನರ್ಸ್, ಕೂಸಿನ ಕೊರಳಲ್ಲಿ ಏನೂ ಇರಬಾರದು, ಲಿಂಗದ ದಾರ ಬಿಚ್ಚಿರಿ ಎಂದಳು. ಹುಟ್ಟಿದಾಗ ಕಟ್ಟಿದ ಲಿಂಗ. ನಮ್ಮಲ್ಲಿ ಅದನ್ನು ಮೈಯಿಂದ ಅಗಲಿಸುವುದಿಲ್ಲ. ಬೇರೆ ದಿನವಾಗಿದ್ದರೆ ನಾನು ಜಗಳ ತೆಗೆಯುತ್ತಿದ್ದೆ. ಅಂದು ನಾನೇ ಗಂಟು ಬಿಚ್ಚಿ ಶಾಂತಾಳ ಕಡೆ ಚಾಚಿದೆ.

"ನೀವ ಹಿಡಕೋರಿ. ನಾ ಕೂಸಿನ್ನ ಒಳಗ ಬಿಟ್ಟ ಬರತೇನಿ" ಎಂದಳು.

ಬಾಗಿಲು ಮುಚ್ಚಿತು. ಎರಡು ತಾಸು ಆ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತೆ. ಬೇಡಿಕೊಳ್ಳಲು ನನಗೆ ಬಾಯಿರಲಿಲ್ಲ. ಸುಮ್ಮನೆ ಹಿಡಿದಿದ್ದೆ.

ಹೊರಗೆ ಬಂದಾಗ ನೀಲಾಳ ಹೊಟ್ಟೆಯ ಎಡಕ್ಕೆ ಕೆಂಪು ಬಾಯಿ. ಅಲ್ಲಿಂದಲೇ ಮಲ ಬರುತ್ತಿತ್ತು, ಕೇಳದೆ ಹೇಳದೆ, ಯಾವಾಗ ಬೇಕಾದರೂ. ಕರುಳಿನ ಚೂರು ತೆಗೆದು ಕಳಿಸಿದ್ದ ಬಯಾಪ್ಸಿಯ ರಿಪೋರ್ಟಿನಲ್ಲಿ ಕೆಳಗಿನ ತುಂಡಿನಲ್ಲಿ ನರದ ಸೆಲ್ ಇಲ್ಲವೆಂದು ಬಂತು. ಸರ್ಜನ್ ಹೇಳಿದ್ದು ಖರೆಯಾಗಿತ್ತು.

ಮನೆಗೆ ಬಂದ ಮೇಲೆ ನನ್ನ ಹಳೆಯ ನೂಲಿನ ಸೀರೆಗಳೆಲ್ಲ ಹರಿದು ಚೌಕವಾದವು. ತೊಳೆದು, ಕುದಿಸಿ, ಬಿಸಿಲಿಗೆ ಹಾಕಿ, ಮಡಿಸುವುದೇ ನನ್ನ ಕೆಲಸ. ಹೊಟ್ಟೆಯ ಬಾಯಿಯ ಸುತ್ತ ಬಿಳಿ ಪೇಸ್ಟ್ ಸವರಿ ಬಟ್ಟೆ ಕಟ್ಟುತ್ತಿದ್ದೆ. ಓಣಿಯ ಹೆಂಗಸರು ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಂಡು ಬಾಗಿಲಿನಿಂದಲೇ ವಿಚಾರಿಸಿ ಹೋಗುತ್ತಿದ್ದರು. ಆದರೆ ನೀಲಾ ಮೈ ತುಂಬಿಕೊಂಡಳು. ಮೊದಲ ಬಾರಿಗೆ ಅವಳು ಓಡಿದ್ದನ್ನು ಕಂಡದ್ದು ಆ ದಿನಗಳಲ್ಲೇ, ಹೊಟ್ಟೆಯ ಬಟ್ಟೆಯನ್ನು ಒಂದು ಕೈಯಿಂದ ಒತ್ತಿ ಹಿಡಿದು.

ಕೆಳಗಿನ ಕರುಳನ್ನು ಮುಂದಿನ ಆಪರೇಷನ್ ತನಕ ಆಗಾಗ ತೊಳೆಯಬೇಕಿತ್ತು. ಶಾಂತಾಳಿಗೆ ಶಾಲೆ, ಮಲ್ಲಿಕಾರ್ಜುನನಿಗೆ ಕಾರ್ಖಾನೆ. ಮನೆಯಲ್ಲಿ ಬೇರೆ ಯಾರಿದ್ದರು? ನಾನೇ. ಶಾಂತಾ ಬೆಳಿಗ್ಗೆ ತಾನೇ ನೀರು ಕುದಿಸಿ, ತಾನೇ ಉಪ್ಪು ಹಾಕಿ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ನೋಡಿ, ಪಾತ್ರೆ ಮುಚ್ಚಿಟ್ಟು ಹೋಗುತ್ತಿದ್ದಳು. ಉಪ್ಪಿನ ಡಬ್ಬಿಯನ್ನು ಗೋಡೆಯಲ್ಲಿ ಎತ್ತರದ ಮಾಡಿನಲ್ಲಿ ಇಡುತ್ತಿದ್ದಳು. ಅಡಿಗೆಗೆ ಬೇಕಾದ ಉಪ್ಪು ಬೇರೆ ಬಟ್ಟಲಲ್ಲಿ. ನಾನು ನೀರನ್ನು ನಳಿಗೆಗೆ ಸುರಿಯುವವಳು ಮಾತ್ರ. ಸಿಟ್ಟು ಬಂತೇ ಎಂದು ಕೇಳಿದರೆ, ಬಂತು. ಒಮ್ಮೆ ಪಾತ್ರೆಯನ್ನು ಕುಕ್ಕಿ ಇಟ್ಟಿದ್ದೂ ಉಂಟು. ಆದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಒಂದು ದಿನ ಅವಳಿಲ್ಲದಾಗ ಆ ಹಳೆಯ ವಹಿ ತೆಗೆದು, ಮೂರು ದಿನದ "ಉಪ್ಪು ೨" ಹೊಡೆದು ಹಾಕಿ, ಕೆಂಪು ಪೆನ್ಸಿಲಿನಿಂದ "ಇಲ್ಲ" ಎಂದು ಬರೆದೆ. ಅವಳು ಅದನ್ನು ನೋಡಿದಳೋ ಇಲ್ಲವೋ, ಹೇಳಲಿಲ್ಲ.

ಎರಡನೆಯ ಆಪರೇಷನ್ ಐದು ತಾಸು. ಮತ್ತೆ ಅದೇ ಬೆಂಚು, ಮತ್ತೆ ಮುಷ್ಟಿಯಲ್ಲಿ ಲಿಂಗ. ಹೊರಗೆ ಬಂದ ಸರ್ಜನರ ಅಂಗಿ ಬೆನ್ನಿಗೆ ಅಂಟಿತ್ತು. "ಎಳದ ಜೋಡಿಸೇವಿ. ಇನ್ನ ಅದು ಕೂಡಬೇಕು" ಎಂದರು. ಆರನೆಯ ದಿನ ಜ್ವರ ಬಂತು. ಮೂರು ದಿನ ಜೀವ ಕೈಯಲ್ಲಿ ಹಿಡಿದು ಕೂತೆವು. ಇಳಿಯಿತು. ಎರಡು ತಿಂಗಳಾದ ಮೇಲೆ ಮೂರನೆಯದು. ಹೊಟ್ಟೆಯ ಬಾಯಿ ಮುಚ್ಚಿದರು.

"ಇನ್ನ ಕೆಳಗಿಂದ ತಾನ ಹೋಗಬೇಕು. ಏನೂ ಕೊಡಬ್ಯಾಡ್ರಿ, ಏನೂ ಇಡಬ್ಯಾಡ್ರಿ. ಬರೇ ಕಾಯ್ರಿ" ಎಂದರು ಸರ್ಜನ್. ಹೇಳುವಾಗ ನನ್ನನ್ನೇ ನೋಡಿದರು.

ಒಂದು ದಿನ. ಎರಡು ದಿನ. ಮೂರು ದಿನ.

ಗಾಳಿ ಹೋಯಿತು, ಅಷ್ಟೇ. ವಾರ್ಡಿನ ಕಿಟಕಿಯ ಬಳಿ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದೆ.

"ಅತ್ತಿ, ಕೈಯಾಗ ಏನೈತಿ?" ಶಾಂತಾಳ ದನಿ ಹರಿತವಾಗಿತ್ತು.

"ಎಲಿ ಅಡಿಕಿ ಹಾಕ್ಕೊಳ್ಳಾಕತ್ತೇನವಾ, ನನ್ನ ಬಾಯಿಗೆ."

ಅವಳು ನನ್ನ ಮುಖವನ್ನೂ ತೊಟ್ಟನ್ನೂ ನೋಡಿದಳು. ನಾನು ತೊಟ್ಟನ್ನು ಕಿಟಕಿಯಿಂದ ಹೊರಗೆ ಎಸೆದೆ. ಇಬ್ಬರಿಗೂ ನಗು ಬರುವ ಹೊತ್ತಾಗಿರಲಿಲ್ಲ, ಆದರೂ ಅವಳ ತುಟಿ ಸ್ವಲ್ಪ ಸಡಿಲಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ನೀಲಾ ಅನ್ನ ತಿನ್ನುತ್ತಿದ್ದವಳು ಕೈ ತಡೆದಳು. ಮುಖ ಗಂಭೀರವಾಯಿತು. "ಅವ್ವಾ, ಬಂತು" ಎಂದಳು. ಶಾಂತಾ ಪಾಟ್ ತರುವಷ್ಟರಲ್ಲಿ ಹಾಸಿಗೆಯಲ್ಲೇ ಆಗಿತ್ತು. ಮೂರೂವರೆ ವರ್ಷದಲ್ಲಿ ಮೊದಲ ಸಲ, ಯಾರ ಕೈಯೂ ತಾಗದೆ. ನರ್ಸ್ ಬೈಯುತ್ತ ಬಂದವಳು ನಮ್ಮನ್ನು ನೋಡಿ ಬೇರೆ ಚಾದರ ತರಲು ಹೋದಳು. ಅತ್ತೆ ಸೊಸೆ ಇಬ್ಬರೂ ಆ ಹೊಲಸು ಹಾಸಿಗೆಯ ಎರಡು ಬದಿಗೆ ನಿಂತು ಅಳುತ್ತಿದ್ದೆವು.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಚಡ್ಡಿ ಕೆಡುತ್ತದೆ. ಒಮ್ಮೊಮ್ಮೆ ಹೊಟ್ಟೆ ಉಬ್ಬುತ್ತದೆ. ವರ್ಷ ಎರಡು ವರ್ಷ ಹೀಗೆ ಇರಬಹುದು, ಉಬ್ಬಿದರೆ ಉಪ್ಪುನೀರಿನಿಂದ ತೊಳೆಯಿರಿ, ಜ್ವರ ಬಂದರೆ ಆ ಕ್ಷಣ ಹೊರಟು ಬನ್ನಿ ಎಂದಿದ್ದಾರೆ. ಈಗಲೂ ಯಾರಾದರೂ ಕೂಸನ್ನು ತಂದು ನನ್ನ ಕಾಲ ಮೇಲೆ ಹಾಕಿದರೆ, ಎಣ್ಣೆ ಬಟ್ಟಲು ಮುಟ್ಟುವ ಮೊದಲು "ಕಪ್ಪು ಮಲ ಎಷ್ಟನೇ ದಿನಕ್ಕ ಹೋತು?" ಎಂದು ಕೇಳುತ್ತೇನೆ. ಕಳೆದ ತಿಂಗಳು ಒಬ್ಬಳು, "ಇನ್ನೂ ಹೋಗಿಲ್ರಿ, ಎರಡ ದಿನ ಆತು, ನೀವ ತೊಟ್ಟ ಇಡ್ರಿ" ಎಂದಳು. ಇಡಲಿಲ್ಲ. ಬೆಳಗಾವಿ ಬಸ್ಸಿಗೆ ಹತ್ತಿಸಿ ಬಂದೆ. ಅವಳು ನನಗೆ ಕೈಗುಣ ಹೋಗಿದೆ ಎಂದು ಓಣಿಯಲ್ಲಿ ಹೇಳಿದಳಂತೆ. ಹೇಳಲಿ.

ಮೊನ್ನೆ ರವಿವಾರ ನೀಲಾಳ ಹೊಟ್ಟೆ ಮತ್ತೆ ಬಿಗಿಯಿತು. ಜ್ವರವಿರಲಿಲ್ಲ. ಶಾಂತಾ ಮನೆಯಲ್ಲೇ ಇದ್ದಳು. ನೀರು ಕುದಿಸಿ ಆರಿಸಿದಳು. ನಾನು ಚಾಪೆ ಹಾಸಿ ಬಟ್ಟೆ ತೆಗೆದಿಟ್ಟೆ. ಅವಳು ಮಾಡಿಗೆ ಕೈ ಚಾಚಿ ಉಪ್ಪಿನ ಡಬ್ಬಿ ಇಳಿಸಿ, ಚಮಚದ ಸಮೇತ ನನ್ನ ಮುಂದೆ ಇಟ್ಟಳು.

"ನೀವ ಕಲಸ್ರಿ ಅತ್ತಿ."

ಒಂದು ಚಮಚ ತೆಗೆದು ಬೆರಳಿನಿಂದ ಸಮ ಮಾಡಿದೆ. ಇನ್ನೊಂದನ್ನು ಸಮ ಮಾಡುವಾಗ ಎರಡು ಸಲ ಚೆಲ್ಲಿತು. ಕರಗುವವರೆಗೆ ತಿರುವಿ, ನಾಲಿಗೆಗೆ ಹಚ್ಚಿ ನೋಡಿದೆ. ಆಮೇಲೆ ಚಮಚದಲ್ಲಿ ಒಂದಿಷ್ಟು ತೆಗೆದು ಅವಳ ಕಡೆ ಹಿಡಿದೆ.

"ನೋಡವಾ, ಬರೋಬರಿ ಐತೇನು?"

ಶಾಂತಾ ಚಮಚ ತೆಗೆದುಕೊಳ್ಳಲಿಲ್ಲ. ನೀಲಾಳನ್ನು ಎತ್ತಿ ತಂದು ನನ್ನ ಕಾಲ ಮೇಲೆ ಮಲಗಿಸಿದಳು.